ಮಸಾಲೆ ಡಬ್ಬ ತೆಗೆಯದೆ ಒಂದು ಕೋಳಿ ಸಾರು

ಕೊಡಗಿನವರಿಗೆ ಕೋಳಿ ಬೇಯಿಸೋದು ಹೇಳಿಕೊಡಬೇಕಾ ಅಂತ ನೀವು ಕೇಳಬಹುದು. ಬೇಡ, ಖಂಡಿತ ಬೇಡ. ನಾಟಿ ಕೋಳಿ ಇಲ್ಲೇ ಇದೆ, ಒಳ್ಳೆಮೆಣಸು, ಅಂದರೆ ಕರಿಮೆಣಸು, ತೋಟದಲ್ಲೇ ಇದೆ, ಮಳೆಗಾಲದಲ್ಲಿ ಒಲೆ ಮುಂದೆ ಕೂತು ನಿಧಾನವಾಗಿ ಮಾಂಸ ಬೇಯಿಸುವ ಅಭ್ಯಾಸ ನಮ್ಮ ಅಜ್ಜಿಯರ ಕಾಲದಿಂದಲೂ ಇದೆ. ಆದರೂ ಇಟಲಿಯವರ ಒಂದು ಕೋಳಿ ಸಾರಿನ ಬಗ್ಗೆ ಬರೆಯದೆ ಇರಲಾಗುತ್ತಿಲ್ಲ. ಪೊಲ್ಲೊ ಅಲ್ಲಾ ಕಚ್ಚಾತೋರ ಅಂತ ಹೆಸರು, ಅಂದರೆ ಬೇಟೆಗಾರರ ರೀತಿಯ ಕೋಳಿ. ದೊಡ್ಡ ಹೋಟೆಲಿನ ಅಡುಗೆ ಅಲ್ಲ. ಅಲ್ಲಿಯ ಹಳ್ಳಿ ಮನೆಗಳಲ್ಲಿ ಒಂದೇ ಪಾತ್ರೆಯಲ್ಲಿ ಮಾಡಿ, ಅದೇ ಪಾತ್ರೆಯನ್ನು ಮೇಜಿನ ಮೇಲಿಟ್ಟು ತಿನ್ನುವ ಊಟ. ಇದರಲ್ಲಿ ಕೊತ್ತಂಬರಿ ಪುಡಿ ಇಲ್ಲ, ಗರಂ ಮಸಾಲೆ ಇಲ್ಲ, ಶುಂಠಿ ಇಲ್ಲ, ಅರಿಸಿನ ಇಲ್ಲ, ತೆಂಗಿನಕಾಯಿ ಇಲ್ಲ. ಆದರೂ ಸಪ್ಪೆ ಅನ್ನಿಸುವುದಿಲ್ಲ. ಮಸಾಲೆ ಮಾಡುವ ಕೆಲಸವನ್ನು ಇಲ್ಲಿ ಬೆಂಕಿ ಮತ್ತು ಹುಳಿ ಸೇರಿ ಮಾಡುತ್ತವೆ. ಅದು ಅರ್ಥವಾದರೆ ಸಾಕು, ಉಳಿದದ್ದು ನಿಮ್ಮ ಕೈಗೆ ಬಿಟ್ಟದ್ದು.

ಹೆಸರಲ್ಲಿ ಬೇಟೆ ಇದ್ದರೂ ಪಾತ್ರೆಯಲ್ಲಿ ಇರೋದು ಮನೆ ಕೋಳಿ. ಮೊಲವನ್ನೂ ಅವರು ಇದೇ ರೀತಿ ಮಾಡುತ್ತಾರೆ. ನಮ್ಮಲ್ಲೂ ಬೇಟೆ ಈಗ ಮಾತಿಗಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ಕಥೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಆಗುತ್ತದೆ, ಆಮೇಲೆ ಊಟಕ್ಕೆ ಬರೋದು ಅಂಗಡಿಯಿಂದ ತಂದ ಪಂದಿ, ಅಂದರೆ ಹಂದಿ ಮಾಂಸ. ಅದರಲ್ಲೇನೂ ತಪ್ಪಿಲ್ಲ. ಅಡುಗೆಯ ರೀತಿ ಉಳಿದಿದೆಯಲ್ಲ, ಅದು ಮುಖ್ಯ.

ಮೊದಲು ಕೋಳಿ. ನಾಟಿ ಕೋಳಿಯೇ ಸರಿ ಅಂತ ನನ್ನ ವಾದ. ಬ್ರಾಯ್ಲರ್‌ನಲ್ಲಿ ಆಗೋದಿಲ್ಲ ಅಂತಲ್ಲ, ಆಗುತ್ತದೆ, ಬೇಗ ಆಗುತ್ತದೆ, ಆದರೆ ಬೇಗ ಆಗೋದೇ ಅದರ ತೊಂದರೆ. ಈ ಸಾರು ರುಚಿ ಹಿಡಿಯೋದು ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಕೂತಾಗ. ಅಷ್ಟು ಹೊತ್ತಿಗೆ ಬ್ರಾಯ್ಲರ್ ಕೋಳಿ ಮೂಳೆ ಬಿಟ್ಟು ನಾರು ನಾರಾಗಿರುತ್ತದೆ. ನಾಟಿ ಕೋಳಿ ಓಡಾಡಿ ಬೆಳೆದದ್ದು, ಅದರ ಕಾಲಿನಲ್ಲಿ ಗಟ್ಟಿ ನಾರು, ಕೀಲಿನ ಸುತ್ತ ಅಂಟು ಜಾಸ್ತಿ. ಆ ಅಂಟು ನಿಧಾನಕ್ಕೆ ಕರಗಿ ಸಾರಿಗೆ ಸೇರಿದಾಗಲೇ ಗ್ರೇವಿ ತುಟಿಗೆ ಅಂಟುವ ಹಾಗೆ ಆಗೋದು. ಅದಕ್ಕೆ ಮೈದಾ, ಕಾರ್ನ್ ಫ್ಲೋರ್ ಯಾವುದೂ ಬೇಡ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ ಇರುತ್ತದಲ್ಲ, ಆ ದಿನ ತರಕಾರಿ ಜೊತೆ ಕೋಳಿಯ ವ್ಯವಸ್ಥೆಯನ್ನೂ ಮಾಡಿಕೊಂಡರೆ ಶನಿವಾರ ಆರಾಮವಾಗಿ ಅಡುಗೆ ಮಾಡಬಹುದು. ಶುಚಿ ಮಾಡಿದ ಮೇಲೆ ಕೋಳಿ ಒಂದೂಕಾಲು ಕೆಜಿಯಷ್ಟು ಇರಲಿ. ಅಂಗಡಿಯಲ್ಲಿ ಎರಡು ಮಾತು ಹೇಳಿ. ಒಂದು, ಚರ್ಮ ತೆಗೆಯಬೇಡಿ. ಎರಡು, ಸಾರಿನ ಸಣ್ಣ ತುಂಡು ಬೇಡ, ಎಂಟು ಹತ್ತು ದೊಡ್ಡ ತುಂಡು ಸಾಕು. ಪುಕ್ಕ ಕಿತ್ತು ಬೆಂಕಿಯಲ್ಲಿ ಸುಟ್ಟು ಕೊಡುವವರಾದರೆ ಇನ್ನೂ ಒಳ್ಳೆಯದು, ಆ ಹೊಗೆ ವಾಸನೆ ಈ ಅಡುಗೆಗೆ ಹೊಂದುತ್ತದೆ. ಅರಿಸಿನ ಮಾತ್ರ ಹಚ್ಚಬೇಡಿ ಅಂತ ಮೊದಲೇ ಹೇಳಿಬಿಡಿ, ಯಾಕೆಂದರೆ ಕೈ ಅಭ್ಯಾಸದಲ್ಲಿ ಹಚ್ಚಿಬಿಡುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ತುಂಡುಗಳನ್ನು ಒಣಗಿಸಬೇಕು. ತೊಳೆದಿದ್ದರೆ ಬಟ್ಟೆಯಲ್ಲೋ ಪೇಪರಿನಲ್ಲೋ ಚೆನ್ನಾಗಿ ಒತ್ತಿ ನೀರು ತೆಗೆಯಿರಿ. ಒಂದೂವರೆ ಚಮಚ ಕಲ್ಲುಪ್ಪಿನ ಪುಡಿ ಸವರಿ, ಮುಚ್ಚದೆ ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ ಒಂದೆರಡು ಗಂಟೆ ಇಡಿ. ನಮ್ಮ ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗೋದಿಲ್ಲ, ಕೋಳಿ ಎಲ್ಲಿ ಒಣಗುತ್ತದೆ ಅಂತ ನಗಬೇಡಿ, ಫ್ರಿಜ್ ಒಳಗಿನ ಗಾಳಿ ಒಣಗಾಳಿ. ಇಷ್ಟು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನೀರು ಇರುವವರೆಗೆ ಮಾಂಸದ ಮೇಲ್ಭಾಗ ನೂರು ಡಿಗ್ರಿ ದಾಟೋದಿಲ್ಲ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಹುರಿದ ಪರಿಮಳ ಬರಬೇಕಾದರೆ ನೂರ ನಲವತ್ತು ಡಿಗ್ರಿಯ ಆಸುಪಾಸು ಬೇಕು. ಒದ್ದೆ ಕೋಳಿ ಎಣ್ಣೆಗೆ ಬಿದ್ದರೆ ಅದು ಹುರಿಯೋದಿಲ್ಲ, ತನ್ನದೇ ನೀರಿನಲ್ಲಿ ಬೂದು ಬಣ್ಣಕ್ಕೆ ಬೇಯುತ್ತದೆ. ನಮ್ಮ ಮಸಾಲೆ ಅಡುಗೆಯಲ್ಲಿ ಇದು ನಡೆಯುತ್ತದೆ, ಹುರಿದು ಅರೆದ ಮಸಾಲೆಯೇ ಆ ಪರಿಮಳ ತರುತ್ತದೆ. ಇಲ್ಲಿ ಬೇರೆ ಯಾರೂ ಸಹಾಯಕ್ಕೆ ಬರೋದಿಲ್ಲ.

ತಳ ದಪ್ಪ ಇರುವ ಅಗಲ ಪಾತ್ರೆ ತೆಗೆದುಕೊಳ್ಳಿ. ಬೀಡು ಕಬ್ಬಿಣದ ಪಾತ್ರೆಗೆ ಒಳಗೆ ಎನಾಮೆಲ್ ಇದ್ದರೆ ಸರಿ, ಬರೀ ಕಬ್ಬಿಣದ ಬಾಣಲೆ ಆದರೆ ಟೊಮೆಟೊ, ವಿನೆಗರ್ ಎರಡೂ ಸೇರಿ ಲೋಹದ ರುಚಿ ಬಿಡುತ್ತವೆ. ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು. ಮೂರು ದೊಡ್ಡ ಚಮಚ ಆಲಿವ್ ಎಣ್ಣೆ. ದುಬಾರಿ ಎಕ್ಸ್‌ಟ್ರಾ ವರ್ಜಿನ್ ಹುರಿಯಲು ಸುರಿಯಬೇಕಾಗಿಲ್ಲ, ಸಾಧಾರಣದ್ದೇ ಇರಲಿ. ಎಣ್ಣೆ ಕಾದ ಮೇಲೆ ಚರ್ಮ ಕೆಳಗೆ ಬರುವ ಹಾಗೆ ತುಂಡುಗಳನ್ನಿಡಿ. ಒಂದಕ್ಕೊಂದು ತಾಗಬಾರದು. ಅಂದರೆ ಎರಡು ಸಲವಾದರೂ ಹುರಿಯಬೇಕಾಗುತ್ತದೆ. ಇಟ್ಟ ಮೇಲೆ ಐದು ನಿಮಿಷ ಮುಟ್ಟಬೇಡಿ. ಇದು ಬಹಳ ಕಷ್ಟ, ಗೊತ್ತು. ಸೌಟು ಕೈಯಲ್ಲಿದ್ದರೆ ತಿರುಗಿಸಬೇಕು ಅನ್ನಿಸುತ್ತದೆ. ಅಂಟಿಕೊಂಡ ಹಾಗೆ ಕಂಡರೂ ಸುಮ್ನೆ ಬಿಡಿ, ಕಂದು ಬಣ್ಣ ಬಂದ ಮೇಲೆ ತಾನಾಗಿ ಬಿಡುತ್ತದೆ. ಎರಡೂ ಬದಿ ಹುರಿದು ತಟ್ಟೆಗೆ ತೆಗೆದಿಡಿ. ಒಳಗೆ ಹಸಿ ಇರುತ್ತದೆ, ಇರಲಿ.

ನಮ್ಮಮ್ಮ ಈ ಹಂತದಲ್ಲಿ ಅಡುಗೆಮನೆಗೆ ಬಂದೇ ಬರುತ್ತಾರೆ. "ಮಸಾಲೆ ಅರೀಲಿಲ್ವಾ ಇನ್ನೂ?" ಅಂತ ಕೇಳುತ್ತಾರೆ. ಇದಕ್ಕೆ ಮಸಾಲೆ ಇಲ್ಲಮ್ಮ ಅಂದರೆ, "ಹಾಗಾದ್ರೆ ಒಂದು ಚಮಚ ಕೊತ್ತಂಬರಿ ಪುಡಿ ಆದ್ರೂ ಹಾಕು, ಯಾರಿಗೂ ಗೊತ್ತಾಗಲ್ಲ" ಅನ್ನುತ್ತಾರೆ. ಗೊತ್ತಾಗುತ್ತದೆ. ಒಂದು ಚಮಚ ಹಾಕಿದರೂ ಅದು ನಮ್ಮ ಭಾನುವಾರದ ಕೋಳಿ ಸಾರೇ ಆಗಿಬಿಡುತ್ತದೆ. ಆ ಸಾರು ಕೆಟ್ಟದ್ದಲ್ಲ, ಅದನ್ನು ಭಾನುವಾರ ಮಾಡಿದರಾಯಿತು.

ಪಾತ್ರೆಯ ತಳದಲ್ಲಿ ಈಗ ಕಂದು ಬಣ್ಣದ ಜಿಡ್ಡು ಹಿಡಿದಿರುತ್ತದೆ. ತೊಳೆಯಬೇಡಿ! ಇಡೀ ಅಡುಗೆಯ ರುಚಿಯ ಅರ್ಧ ಭಾಗ ಅಲ್ಲಿದೆ. ಕಪ್ಪಾಗಿ ಸೀದಿದ್ದರೆ ಮಾತ್ರ ಬೇರೆ ಮಾತು. ಉರಿ ಸಣ್ಣ ಮಾಡಿ, ಸಣ್ಣಗೆ ಹೆಚ್ಚಿದ ಎರಡು ದೊಡ್ಡ ಈರುಳ್ಳಿ, ಒಂದು ಕ್ಯಾರೆಟ್, ಎರಡು ದಂಟು ಸೆಲರಿ ಹಾಕಿ. ಈ ಮೂರರ ಜೋಡಿಗೆ ಇಟಲಿಯವರು ಸೊಫ್ರಿತ್ತೊ ಅನ್ನುತ್ತಾರೆ, ಅವರ ಎಷ್ಟೋ ಸಾಸು, ಸೂಪುಗಳು ಶುರುವಾಗೋದೇ ಇಲ್ಲಿಂದ. ಸೆಲರಿ ನಮ್ಮ ಕಡೆ ಎಲ್ಲ ದಿನ ಸಿಗೋದಿಲ್ಲ. ಸಿಗದಿದ್ದರೆ ಬಿಟ್ಟುಬಿಡಿ, ಕೊತ್ತಂಬರಿ ದಂಟು ಹಾಕಿ ಸರಿಮಾಡಲು ಹೋಗಬೇಡಿ, ಅದರ ವಾಸನೆ ನೇರ ನಮ್ಮೂರಿಗೇ ಕರೆದುಕೊಂಡು ಬರುತ್ತದೆ. ಹದಿನೈದು ನಿಮಿಷ ಬಾಡಿಸಿ. ನಾವು ಬಿರಿಯಾನಿಗೆ ಹುರಿಯುವ ಹಾಗೆ ಗರಿಗರಿ ಮಾಡೋದು ಬೇಡ. ಮೆತ್ತಗಾಗಿ, ಸಿಹಿ ವಾಸನೆ ಬಂದು, ಕ್ಯಾರೆಟ್ ತುಂಡು ಸೌಟಿನಲ್ಲಿ ಒತ್ತಿದರೆ ಅಪ್ಪಚ್ಚಿ ಆಗಬೇಕು. ಕೊನೆಗೆ ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು, ರೋಸ್‌ಮೆರಿಯ ಎರಡು ಕಡ್ಡಿ.

ರೋಸ್‌ಮೆರಿ ಬಗ್ಗೆ ಒಂದು ಮಾತು. ಕೊಡಗಿನಲ್ಲಿ ಯಾವ ಕಡ್ಡಿ ನೆಟ್ಟರೂ ಚಿಗುರುತ್ತದೆ ಅಂತ ನಾವು ಹೆಮ್ಮೆ ಪಡುತ್ತೇವೆ, ಆದರೆ ಈ ಗಿಡಕ್ಕೆ ನಮ್ಮ ಮಳೆ ಆಗೋದಿಲ್ಲ. ಬೇರಿನಲ್ಲಿ ನೀರು ನಿಂತರೆ ಕೊಳೆಯುತ್ತದೆ. ಮಣ್ಣಿಗೆ ಮರಳು ಜಾಸ್ತಿ ಸೇರಿಸಿ ಕುಂಡದಲ್ಲಿ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಕೆಳಗೆ ಇಟ್ಟರೆ ಉಳಿಯುತ್ತದೆ. ಹಸಿ ಇಲ್ಲದಿದ್ದರೆ ಒಣಗಿದ್ದು ಅರ್ಧ ಚಮಚ ಸಾಕು. ಅವರು ಬೇ ಎಲೆಯನ್ನೂ ಹಾಕುತ್ತಾರೆ, ಆದರೆ ನಮ್ಮ ಪಲಾವ್ ಎಲೆ ಬೇರೆ ಮರದ್ದು, ಅದಕ್ಕೆ ಚಕ್ಕೆಯ ವಾಸನೆ. ನಾನು ಹಾಕೋದಿಲ್ಲ.

ಇನ್ನು ಹುಳಿ. ಜಗಳ ಆಗೋದು ಇಲ್ಲೇ. ಮೂಲದಲ್ಲಿ ವೈನ್ ಹಾಕುತ್ತಾರೆ, ಕೆಂಪೋ ಬಿಳಿಯೋ, ಊರಿಗೊಂದು ಪದ್ಧತಿ. ಒಂದು ಲೋಟ, ಅಂದರೆ ಇನ್ನೂರು ಎಂಎಲ್ ಹಾಕಿ, ತಳದ ಜಿಡ್ಡನ್ನೆಲ್ಲ ಮರದ ಸೌಟಿನಲ್ಲಿ ಕೆರೆದು ಕರಗಿಸಿ, ವೈನ್ ಅರ್ಧಕ್ಕೆ ಇಳಿಯುವವರೆಗೆ ಕುದಿಸಬೇಕು. ಇಲ್ಲದಿದ್ದರೆ ಹಸಿ ಮದ್ಯದ ಘಾಟು ಉಳಿಯುತ್ತದೆ. ನಮ್ಮಲ್ಲಿ ಪ್ರತಿ ಅಂಗಡಿಯಲ್ಲೂ ಹೋಂಮೇಡ್ ವೈನ್ ಸಾಲಾಗಿ ಇಟ್ಟಿರುತ್ತಾರಲ್ಲ, ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ ಅಂತ, ಅದು ಇದಕ್ಕೆ ಆಗೋದಿಲ್ಲ. ಅದರಲ್ಲಿ ಸಕ್ಕರೆ ಜಾಸ್ತಿ. ಕುದಿಸಿ ಇಳಿಸಿದರೆ ಸಿಹಿ ಇನ್ನೂ ಗಟ್ಟಿಯಾಗಿ ಕೋಳಿ ಪಾನಕದ ಹಾಗೆ ಆಗುತ್ತದೆ. ಸಿಹಿ ಇಲ್ಲದ ಡ್ರೈ ವೈನ್ ಬೇಕು, ಕರ್ನಾಟಕದ್ದೇ ಸಿಗುತ್ತದೆ, ಅಗ್ಗದ್ದು ಸಾಕು. ಕುದಿಸಿದರೆ ಮದ್ಯವೆಲ್ಲ ಹಾರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜ ಅಲ್ಲ. ಒಂದೂವರೆ ಗಂಟೆ ಕುದಿಸಿದ ಮೇಲೂ ಐದರಲ್ಲಿ ಒಂದು ಪಾಲಿನಷ್ಟು ಉಳಿಯಬಹುದು. ಮನೆಯಲ್ಲಿ ಮುಟ್ಟದವರು ಇದ್ದರೆ ಅವರಿಗೆ ಹೇಳದೆ ಬಡಿಸಬೇಡಿ. ವೈನ್ ಬೇಡದವರು ಕೋಳಿಯ ಬೆನ್ನು ಕತ್ತಿನ ಮೂಳೆ ಬೇಯಿಸಿದ ನೀರು ಒಂದು ಲೋಟ, ಅದಕ್ಕೆ ಎರಡು ಚಮಚ ದ್ರಾಕ್ಷಿ ವಿನೆಗರ್ ಹಾಕಿ. ಚೆನ್ನಾಗಿಯೇ ಬರುತ್ತದೆ.

ಕಾಚಂಪುಳಿ ಹಾಕಿದರೆ ಆಗಲ್ವಾ? ಕೊಡಗಿನವರು ಯಾರೇ ಆದರೂ ಈ ಪ್ರಶ್ನೆ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಕಾಚಂಪುಳಿ ಮೇಲೆ ಗೌರವ ಇರೋದರಿಂದಲೇ ಬೇಡ ಅನ್ನುತ್ತೇನೆ. ಪುಳಿ ಹಣ್ಣಿನ ರಸ ಇಳಿಸಿ ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿದ್ದು ಅದು, ಅದರದ್ದು ಆಳುವ ಸ್ವಭಾವ. ಪಂದಿ ಕರಿಯಲ್ಲಿ ಹಂದಿಯ ಕೊಬ್ಬು, ಹುರಿದ ಕಪ್ಪು ಮಸಾಲೆ, ಮೆಣಸು ಎಲ್ಲ ಎದುರಿಗೆ ನಿಲ್ಲುತ್ತವೆ, ಅದಕ್ಕೇ ಅಲ್ಲಿ ಸರಿಹೋಗುತ್ತದೆ. ಇಲ್ಲಿ ಎದುರಿಗಿರೋದು ಬರೀ ಕ್ಯಾರೆಟ್, ಈರುಳ್ಳಿ. ಅರ್ಧ ಚಮಚ ಹಾಕಿದರೂ ಬಣ್ಣ ಕಪ್ಪಾಗಿ, ಕಾಚಂಪುಳಿ ಒಂದೇ ಬಾಯಲ್ಲಿ ಉಳಿಯುತ್ತದೆ. ನಿಮಗೆ ಅದೇ ಇಷ್ಟ ಆದರೆ ಹಾಕಿಕೊಳ್ಳಿ, ನಾನು ತಡೆಯೋಕೆ ಬರೋದಿಲ್ಲ, ಆದರೆ ಅದನ್ನು ಇಟಲಿಯ ಸಾರು ಅನ್ನಬೇಡಿ.

ಟೊಮೆಟೊ ಇಲ್ಲದೆ ಇಟಲಿ ಅಡುಗೆಯೇ ಇಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಟೊಮೆಟೊ ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ, ಅಡುಗೆಗೆ ಇಳಿದದ್ದು ಇನ್ನೂ ತಡವಾಗಿ. ನಮ್ಮ ಹಸಿಮೆಣಸು, ಕೆಂಪುಮೆಣಸು ಬಂದದ್ದೂ ಅಲ್ಲಿಂದಲೇ. ಅದಕ್ಕೆ ಮೊದಲು ಖಾರ ಅಂದರೆ ಕರಿಮೆಣಸು. ರೋಮ್ ಇರುವ ಲಾತ್ಸಿಯೋ ಪ್ರದೇಶದಲ್ಲಿ ಇವತ್ತಿಗೂ ಈ ಕೋಳಿಯನ್ನು ಟೊಮೆಟೊ ಇಲ್ಲದೆ ಮಾಡುವವರಿದ್ದಾರೆ. ಬೆಳ್ಳುಳ್ಳಿ, ರೋಸ್‌ಮೆರಿ, ಬಿಳಿ ವೈನ್, ವಿನೆಗರ್, ಉಪ್ಪು ಹಾಕಿಟ್ಟ ಆಂಚೊವಿ ಮೀನು ಒಂದೆರಡು, ಅಷ್ಟೇ. ಆಂಚೊವಿಗೆ ಬದಲು ಸಂತೆಯ ಒಣ ನೆತ್ತಲಿ ಹಾಕುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ನಿಲ್ಲಿಸಿ. ಅವರ ಮೀನು ಎಣ್ಣೆಯಲ್ಲಿ ಕರಗಿಹೋಗುತ್ತದೆ, ನಮ್ಮದು ಕರಗೋದಿಲ್ಲ, ಒಣಮೀನಿನ ವಾಸನೆ ಮನೆಯಿಡೀ ಇರುತ್ತದೆ. ಇನ್ನು 1891ರಲ್ಲಿ ತನ್ನ ಪ್ರಸಿದ್ಧ ಅಡುಗೆ ಪುಸ್ತಕ ಹೊರತಂದ ಪೆಲ್ಲೆಗ್ರಿನೊ ಅರ್ತೂಸಿಯ ಕಚ್ಚಾತೋರ ನೋಡಿದರೆ ಅದರಲ್ಲಿ ಕ್ಯಾರೆಟ್ ಇಲ್ಲ, ಸೆಲರಿ ಇಲ್ಲ, ಅಣಬೆ ಇಲ್ಲ. ಈರುಳ್ಳಿ, ಕೆಂಪು ವೈನ್, ಟೊಮೆಟೊ, ಮುಗೀತು. ಹಾಗಾಗಿ ಯಾರಾದರೂ "ಒರಿಜಿನಲ್ ಹೀಗೇ ಇರೋದು" ಅಂತ ಜೋರು ಮಾಡಿದರೆ ಹೆದರಬೇಡಿ. ಅವರವರ ಮನೆಯದೇ ಒರಿಜಿನಲ್, ನಮ್ಮ ಪಂದಿ ಕರಿ ವಿಷಯದಲ್ಲಿ ನಾವು ಜಗಳ ಆಡೋದಿಲ್ವಾ, ಹಾಗೇ.

ನಾನು ಮಾಡೋದು ಟೊಮೆಟೊ ಹಾಕಿದ್ದು. ನಾಟಿ ಟೊಮೆಟೊ ರಸ ಜಾಸ್ತಿ, ಹುಳಿಯೂ ಜಾಸ್ತಿ. ಉದ್ದನೆಯ ತರಹದ್ದು ತಿರುಳು ಜಾಸ್ತಿ. ಎರಡೂ ಅರ್ಧರ್ಧ ಸೇರಿಸಿ ಒಟ್ಟು ಆರುನೂರು ಗ್ರಾಂ ತೆಗೆದುಕೊಳ್ಳುತ್ತೇನೆ. ಚೆನ್ನಾಗಿ ಹಣ್ಣಾಗಿರಬೇಕು, ತೊಟ್ಟಿನ ಹತ್ತಿರ ಹಸಿರು ಇದ್ದರೆ ಎರಡು ದಿನ ಹೊರಗೆ ಇಟ್ಟು ಹಣ್ಣು ಮಾಡಿ. ಕತ್ತರಿಸಿ ತುರಿಮಣೆಯಲ್ಲಿ ತುರಿದರೆ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಗುಲಾಬಿ ಬಣ್ಣದ ನೊರೆ ಬರುತ್ತದೆ, ನನಗದು ಇಷ್ಟ ಇಲ್ಲ. ಪಾತ್ರೆಗೆ ಹಾಕಿ ಹತ್ತು ನಿಮಿಷ ಮುಚ್ಚದೆ ಕುದಿಸಿ, ಎಣ್ಣೆ ಅಂಚಿನಲ್ಲಿ ಬಿಡಲು ಶುರುವಾದಾಗ ಕೋಳಿಯನ್ನು ಅದರ ತಟ್ಟೆಯಲ್ಲಿ ಬಿಟ್ಟ ರಸದ ಸಮೇತ ಒಳಗೆ ಸೇರಿಸಿ. ಚರ್ಮದ ಬದಿ ಮೇಲೆ ಇರಲಿ. ಬಿಸಿನೀರೋ ಮೂಳೆ ನೀರೋ ಹಾಕಿ ತುಂಡುಗಳ ಅರ್ಧ ಎತ್ತರಕ್ಕೆ ಬಂದರೆ ಸಾಕು. ಮುಳುಗಿಸಬೇಡಿ, ಮುಳುಗಿಸಿದರೆ ಹುರಿದದ್ದೆಲ್ಲ ತೊಳೆದುಹೋಗುತ್ತದೆ.

ಮುಚ್ಚಳ ಸ್ವಲ್ಪ ಓರೆ ಮಾಡಿ ಇಟ್ಟು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಸಣ್ಣ ಉರಿ. ಬ್ರಾಯ್ಲರ್ ಆದರೆ ಮೂವತ್ತೈದು ನಲವತ್ತು ನಿಮಿಷ. ನಾಟಿ ಆದರೆ ಒಂದೂವರೆ ಗಂಟೆ, ವಯಸ್ಸಾದ ಕೋಳಿ ಆದರೆ ಎರಡು ಗಂಟೆಯೂ ಬೇಕಾಗಬಹುದು. ಇಟಲಿಯ ಯಾವುದೋ ವಿಡಿಯೋದಲ್ಲಿ ಹೇಳಿದ ಸಮಯಕ್ಕೆ ಮಡಿಕೇರಿಯಲ್ಲಿ ಬೇಯೋದಿಲ್ಲ. ನಾವಿರೋದು ಸಮುದ್ರ ಮಟ್ಟದಿಂದ ಹನ್ನೊಂದು ನೂರು ಮೀಟರಿಗಿಂತ ಮೇಲೆ, ಇಲ್ಲಿ ನೀರು ತೊಂಬತ್ತಾರು ಡಿಗ್ರಿಯ ಹತ್ತಿರಕ್ಕೇ ಕುದಿಯುತ್ತದೆ. ಮಂಗಳೂರಿನಲ್ಲಿ ಬೇಯುವಷ್ಟು ಬೇಗ ಇಲ್ಲಿ ಬೇಳೆಯೂ ಬೇಯೋದಿಲ್ಲ, ಕೋಳಿಯೂ ಬೇಯೋದಿಲ್ಲ. ಗಡಿಯಾರ ನೋಡದೆ ಕಾಲಿನ ತುಂಡಿಗೆ ಚಾಕು ಚುಚ್ಚಿ ನೋಡಿ, ತಡೆಯಿಲ್ಲದೆ ಮೂಳೆವರೆಗೆ ಇಳಿಯಬೇಕು. ಎದೆಯ ತುಂಡು ಮೊದಲೇ ಬೆಂದಿರುತ್ತದೆ, ಅದನ್ನು ನಡುವೆ ತೆಗೆದಿಟ್ಟು ಕೊನೆಗೆ ಸೇರಿಸಿ.

ಗ್ಯಾಸ್ ಬೆಲೆ ನೋಡಿ ಕುಕ್ಕರ್ ಬಳಸಬೇಕು ಅನ್ನಿಸಿದರೆ ಬಳಸಿ, ಅದಕ್ಕೇನು ಪಾಪ ಇಲ್ಲ. ಹುರಿಯೋದು, ಬಾಡಿಸೋದು, ವೈನ್ ಇಳಿಸೋದು ಎಲ್ಲ ಮುಚ್ಚಳ ಇಲ್ಲದೆ ಮಾಡಿ. ಆಮೇಲೆ ಮುಚ್ಚಿ, ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ತೆರೆದ ಮೇಲೆ ತುಂಡು ತೆಗೆದು ಗ್ರೇವಿಯನ್ನು ಗಟ್ಟಿಯಾಗುವವರೆಗೆ ಕುದಿಸಬೇಕು, ಕುಕ್ಕರಿನಲ್ಲಿ ನೀರು ಆವಿಯಾಗಿರೋದಿಲ್ಲ. ಸೌದೆ ಒಲೆ ಇರುವವರ ಅದೃಷ್ಟವೇ ಬೇರೆ. ಮಧ್ಯಾಹ್ನದ ಅಡುಗೆ ಮುಗಿದ ಕೆಂಡದ ಮೇಲೆ ಇಟ್ಟು ಮರೆತುಬಿಡಬಹುದು.

ಅಣಬೆ ಹಾಕೋದು ಎಲ್ಲ ಕಡೆ ಇಲ್ಲ, ಆದರೆ ನಾನು ಹಾಕುತ್ತೇನೆ. ಮಳೆಗಾಲದಲ್ಲಿ ಹುತ್ತದ ಹತ್ತಿರ ಕುಮ್ಮು, ಅಂದರೆ ಕಾಡಣಬೆ, ಎದ್ದರೆ, ಅದನ್ನು ಚಿಕ್ಕಂದಿನಿಂದ ನೋಡಿ ಗೊತ್ತಿರುವವರು ತಂದುಕೊಟ್ಟರೆ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಫೋನಿನಲ್ಲಿ ಫೋಟೊ ಹೋಲಿಸಿ ಕಿತ್ತು ತರುವ ಸಾಹಸ ಬೇಡವೇ ಬೇಡ. ಪ್ಯಾಕೆಟ್ಟಿನ ಬಟನ್ ಅಣಬೆಯಾದರೂ ಸರಿ. ಬೇರೆ ಬಾಣಲೆಯಲ್ಲಿ ಜೋರು ಉರಿಯಲ್ಲಿ ಅದರ ನೀರು ಆರುವವರೆಗೆ ಹುರಿದು, ಕೊನೆಯ ಹತ್ತು ನಿಮಿಷ ಇರುವಾಗ ಸೇರಿಸಿ. ಆಲಿವ್ ಕಾಯಿ ಇದ್ದರೆ ಆಗಲೇ ಒಂದು ಹಿಡಿ. ಅದು ಉಪ್ಪುನೀರಿನಲ್ಲಿದ್ದದ್ದು, ಆದ್ದರಿಂದ ಉಪ್ಪಿನ ರುಚಿ ನೋಡೋದು ಅದಾದ ಮೇಲೆ. ಇಳಿಸುವ ಮುಂಚೆ ಹೊಸದಾಗಿ ಕುಟ್ಟಿದ ಕರಿಮೆಣಸು ಧಾರಾಳವಾಗಿ ಹಾಕಿ. ಇಲ್ಲಿ ಮಾತ್ರ ನಾನು ಇಟಲಿಯವರಿಗಿಂತ ಕೈ ಬಿಚ್ಚುತ್ತೇನೆ. ನಮ್ಮ ತೋಟದ ಮೆಣಸು ನಮಗೇ ಉಪಯೋಗಕ್ಕೆ ಬರದಿದ್ದರೆ ಹೇಗೆ? ಗ್ರೇವಿ ಮಂಕು ಅನ್ನಿಸಿದರೆ ಅರ್ಧ ಚಮಚ ವಿನೆಗರ್, ಹುಳಿ ಹೆಚ್ಚು ಅನ್ನಿಸಿದರೆ ಇನ್ನು ಹತ್ತು ನಿಮಿಷ ಕುದಿಸಿ. ಸಕ್ಕರೆ ಹಾಕಬೇಡಿ, ಕ್ಯಾರೆಟ್ ಆ ಕೆಲಸ ಮಾಡಿರುತ್ತದೆ.

ಉತ್ತರ ಇಟಲಿಯಲ್ಲಿ ಇದಕ್ಕೆ ಜೊತೆ ಪೊಲೆಂತಾ, ಅಂದರೆ ಮೆಕ್ಕೆಜೋಳದ ತರಿಯನ್ನು ನೀರಿನಲ್ಲಿ ಬೇಯಿಸಿ ತಿರುವಿದ್ದು. ನಮ್ಮ ಮನೆಯಲ್ಲಿ ಕಡಂಬುಟ್ಟು. ಅಕ್ಕಿ ತರಿಯ ಉಂಡೆಗೆ ತನ್ನದು ಅಂತ ಜೋರು ರುಚಿ ಇಲ್ಲ, ಮುರಿದು ಅದ್ದಿದರೆ ಗ್ರೇವಿ ಹೀರಿಕೊಳ್ಳುತ್ತದೆ. ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿಯೂ ಚೆನ್ನಾಗಿರುತ್ತದೆ, ಶಾವಿಗೆಯಂಥ ನೂಲ್‌ಪುಟ್ಟು ಅಷ್ಟೊಂದು ಹೊಂದಲಿಲ್ಲ ಅನ್ನಿಸಿತು. ಹಾಲು, ಕಾಯಿತುರಿ ಹಾಕಿದ ಪಾಪುಟ್ಟು ಬೇಡ, ಅದಕ್ಕೆ ನಮ್ಮ ಖಾರದ ಸಾರೇ ಆಗಬೇಕು. ಅಮ್ಮ ಎರಡು ಕಡಂಬುಟ್ಟು ತಿಂದು "ಪರವಾಗಿಲ್ಲ, ಆದ್ರೆ ಖಾರ ಸಾಲದು" ಅಂದರು. ಮೂರನೆಯದನ್ನೂ ಹಾಕಿಸಿಕೊಂಡರು.

ಮಾರನೆಯ ದಿನ ಇದು ಇನ್ನೂ ಚೆನ್ನಾಗಿರುತ್ತದೆ, ಆದ್ದರಿಂದ ಸಾಧ್ಯ ಆದರೆ ಹಿಂದಿನ ಸಂಜೆಯೇ ಮಾಡಿಡಿ. ತಣ್ಣಗಾದಾಗ ಮೇಲೆ ನಿಂತ ಕೊಬ್ಬನ್ನು ಬೇಕಾದಷ್ಟು ತೆಗೆಯಬಹುದು, ಕೆಳಗಿನ ಗ್ರೇವಿ ಹಲ್ವದ ಹಾಗೆ ಅಲುಗುತ್ತಿದ್ದರೆ ನಾಟಿ ಕೋಳಿಗೆ ಕೊಟ್ಟ ದುಡ್ಡು ವಸೂಲಿ ಅಂತ ತಿಳಿಯಿರಿ. ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಗಾಳಿ ಮಳೆಗೆ ಕಂಬ ಬಿದ್ದು ಇಡೀ ದಿನ ಕರೆಂಟ್ ಇಲ್ಲದಿದ್ದರೆ ಈ ಲೆಕ್ಕ ನಡೆಯೋದಿಲ್ಲ, ಅವತ್ತೇ ಮುಗಿಸಿ. ಮಾಂಸ ಖಾಲಿಯಾಗಿ ಬರೀ ಗ್ರೇವಿ ಉಳಿದರೆ ಬಾಣಲೆಯಲ್ಲಿ ಬಿಸಿ ಮಾಡಿ, ನಾಲ್ಕು ಗುಂಡಿ ಮಾಡಿ ಮೊಟ್ಟೆ ಒಡೆದು ಹಾಕಿ ಮುಚ್ಚಿಡಿ. ಬಿಳಿ ಗಟ್ಟಿಯಾಗಿ ಹಳದಿ ಇನ್ನೂ ಮೆತ್ತಗಿರುವಾಗ ಇಳಿಸಿ, ರಾತ್ರಿಯ ಒಟ್ಟಿ ಉಳಿದಿದ್ದರೆ ಅದನ್ನೇ ಕಾವಲಿಯಲ್ಲಿ ಬಿಸಿ ಮಾಡಿ ಜೊತೆಗೆ ತಿನ್ನಿ.